ಮ್ಯಾಕ್ಸ್ ಬಾರ್ನ್‌ಗೆ ಸಿಗದ ಹುದ್ದೆ

ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿಗೆ ಗುಮಾಸ್ತನಾಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು ನಾನು. ನನ್ನ ಮೇಜಿಗೆ ಎರಡು ಬಗೆಯ ಫೈಲುಗಳು ಬರುತ್ತಿದ್ದವು. ಒಂದು, ಹೊರಗಿನಿಂದ ಬರುವ ವಿದ್ವಾಂಸರದು. ಗೆಸ್ಟ್ ಹೌಸಿನಲ್ಲಿ ಕೋಣೆ, ಓಡಾಟಕ್ಕೆ ಕಾರು, ವಿದೇಶಿಯಾದರೆ ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸರಿಗೆ ಸಿ ಫಾರಂ, ಹೊರಡುವ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ. ಬೆಳಿಗ್ಗೆ ಮಂಡಿಸಿದರೆ ಸಂಜೆಗೆ ಸಹಿಯಾಗಿ ಬರುವ ಫೈಲು ಅದು. ಇನ್ನೊಂದು ನೇಮಕಾತಿಯದು. ಒಂದು ವರ್ಷದ ಗುತ್ತಿಗೆಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಒಬ್ಬನನ್ನು ತೆಗೆದುಕೊಳ್ಳಬೇಕಾದರೂ ಫೈನಾನ್ಸಿನವರ ಆಕ್ಷೇಪ, ರೋಸ್ಟರ್, 'ಹುದ್ದೆ ಮಂಜೂರಾಗಿದೆಯೇ ಪರಿಶೀಲಿಸಿ' ಎಂಬ ಷರಾ. ಅತಿಥಿಗೆ ಮಣೆ ಹಾಕಲು ಎಲ್ಲರೂ ಮುಂದೆ. ಅದೇ ಮನುಷ್ಯ 'ಇಲ್ಲೇ ಇರುತ್ತೇನೆ' ಅಂದರೆ ಸಾಕು, ಸಭೆಯ ಬಣ್ಣ ಬದಲಾಗುತ್ತದೆ.

ಇದು ಇವತ್ತಿನ ರೋಗವಲ್ಲ. ಇದೇ ಊರಿನಲ್ಲಿ, ಬಸ್ಸಿನ ಕಂಡಕ್ಟರುಗಳು 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕೂಗುವ ನಿಲ್ದಾಣದ ಒಳಬದಿಯಲ್ಲಿ, 1936ರಲ್ಲಿ ಇದರ ದೊಡ್ಡ ಪ್ರಕರಣವೊಂದು ನಡೆದುಹೋಗಿದೆ.

ಆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, 1909ರಲ್ಲಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನ ಕೊಟ್ಟ ಜಮೀನು 371 ಎಕರೆ. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಟ್ರಾವರ್ಸ್, ಬೋರ್ನ್, ಫಾರ್ಸ್ಟರ್: ಮೊದಲ ಮೂವರು ನಿರ್ದೇಶಕರೂ ಬ್ರಿಟನ್ನಿನವರೇ. 1933ರ ಏಪ್ರಿಲ್‌ನಲ್ಲಿ ಸಿ.ವಿ. ರಾಮನ್ ಆ ಕುರ್ಚಿಗೆ ಬಂದ ಮೊದಲ ಭಾರತೀಯ. ನೊಬೆಲ್ ಸಿಕ್ಕಿ ಆಗಿನ್ನೂ ಮೂರು ವರ್ಷವಾಗಿರಲಿಲ್ಲ. ಬಂದವರೇ ಭೌತಶಾಸ್ತ್ರ ವಿಭಾಗ ತೆರೆದರು. ಮರುವರ್ಷ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನೂ ಕಟ್ಟಿದರು. ಅವರಿಗೆ ತಾಳ್ಮೆ ಕಡಿಮೆ, ಮಾತು ಹರಿತ.

ಆ 1933ರ ಏಪ್ರಿಲ್‌ನಲ್ಲೇ ಜರ್ಮನಿಯ ಗಟಿಂಗನ್‌ನಲ್ಲಿ ಮ್ಯಾಕ್ಸ್ ಬಾರ್ನ್ ಅವರನ್ನು ಯಹೂದಿ ಮೂಲದವರೆಂಬ ಕಾರಣಕ್ಕೆ ಪ್ರಾಧ್ಯಾಪಕ ಹುದ್ದೆಯಿಂದ ಹೊರಗಿಟ್ಟರು. ಕ್ವಾಂಟಂ ಸಿದ್ಧಾಂತಕ್ಕೆ ಸಂಭವನೀಯತೆಯ ಅರ್ಥ ಕೊಟ್ಟವರು ಅವರು. ಹೈಸನ್‌ಬರ್ಗ್ ಇವರ ಕೈಕೆಳಗೆ ಸಹಾಯಕರಾಗಿ ದುಡಿದವರು. ಅಂಥವರು ಐವತ್ತರ ಹೊಸ್ತಿಲಲ್ಲಿ ಕೇಂಬ್ರಿಜ್‌ಗೆ ಹೋಗಿ ಅಲ್ಪಾವಧಿಯ ಉಪನ್ಯಾಸಕರಾದರು. ನಮ್ಮ ಸೆಕ್ಷನ್ನಿನ ಭಾಷೆಯಲ್ಲಿ ಹೇಳುವುದಾದರೆ ಹಂಗಾಮಿ.

ಹಿಟ್ಲರ್ ಹೊರದಬ್ಬಿದ ವಿಜ್ಞಾನಿಗಳಲ್ಲಿ ಕೆಲವರನ್ನಾದರೂ ಬೆಂಗಳೂರಿಗೆ ತರಬೇಕೆಂಬುದು ರಾಮನ್ ಆಸೆ. ಅವರ ಕರೆಗೆ ಓಗೊಟ್ಟು ಬಾರ್ನ್ ಪತ್ನಿ ಹೆಡ್ವಿಗ್ ಜೊತೆ 1935ರ ಕೊನೆಯ ಭಾಗದಲ್ಲಿ ಇಲ್ಲಿಗೆ ಬಂದು ಸುಮಾರು ಆರು ತಿಂಗಳು ಇದ್ದರು. ಬಂದವರು ಹಾರ ಹಾಕಿಸಿಕೊಂಡು ಸುಮ್ಮನೆ ಕೂರಲಿಲ್ಲ. ಪಾಠ ಮಾಡಿದರು. ಆಗ ರಾಮನ್ ಜೊತೆ ಶಬ್ದದ ಅಲೆಗಳಿಂದ ಬೆಳಕು ಚದರುವ ಬಗೆಯನ್ನು ಬಿಡಿಸುತ್ತಿದ್ದ ಯುವಕ ಎನ್.ಎಸ್. ನಾಗೇಂದ್ರನಾಥ್ ಅವರನ್ನು ಜೊತೆಗಿಟ್ಟುಕೊಂಡು ಬಾರ್ನ್ ಬರೆದ ಲೇಖನ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ 1936ರಲ್ಲಿ ಅಚ್ಚಾಯಿತು. ಅತಿಥಿ ವಿದ್ವಾಂಸರಿಂದ ಒಂದು ಸಂಸ್ಥೆ ಇದಕ್ಕಿಂತ ಹೆಚ್ಚೇನು ಕೇಳಬೇಕು?

ರಾಮನ್ ಹೆಚ್ಚಿನದನ್ನೇ ಕೇಳಿದರು. ಗಣಿತೀಯ ಭೌತಶಾಸ್ತ್ರಕ್ಕೊಂದು ಪ್ರಾಧ್ಯಾಪಕ ಹುದ್ದೆ ಆಗಬೇಕು, ಬಾರ್ನ್ ಕಾಯಮ್ಮಾಗಿ ಇಲ್ಲೇ ಉಳಿಯಬೇಕು. ವಿಷಯ ಪ್ರಾಧ್ಯಾಪಕರ ಸಭೆಗೆ ಬಂತು, ಬಾರ್ನ್ ಅವರೂ ಅಲ್ಲೇ ಕುಳಿತಿದ್ದರು. ಎಲೆಕ್ಟ್ರಿಕಲ್ ವಿಭಾಗದ ಇಂಗ್ಲಿಷ್ ಪ್ರಾಧ್ಯಾಪಕ ಆಸ್ಟನ್ ಎದ್ದು ನಿಂತು, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೇಕೆ ಎಂಬರ್ಥದಲ್ಲಿ ಮಾತಾಡಿದರು. ಹೊಸದಾಗಿ ಬಂದಿದ್ದ ಆಸ್ಟನ್ ದಂಪತಿಯ ಜೊತೆ ಬಾರ್ನ್ ದಂಪತಿ ಸ್ನೇಹದಿಂದ ನಡೆದುಕೊಂಡಿದ್ದವರು. ಆ ದಿನ ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತದ್ದನ್ನು ಬಾರ್ನ್ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ.

ಅಂಥ ಎಷ್ಟೋ ಸಭೆಗಳಲ್ಲಿ ನಡವಳಿ ಬರೆಯುತ್ತ ಕೂತವನಾದ್ದರಿಂದ ನನಗೆ ಇನ್ನೊಂದು ಮಗ್ಗುಲೂ ಕಾಣುತ್ತದೆ. ಆಸ್ಟನ್ ಆಡಿದ ಮಾತಿಗೆ ಕ್ಷಮೆಯಿಲ್ಲ. ಆದರೆ ಆ ಕೋಣೆಯಲ್ಲಿದ್ದ ಸಿಟ್ಟೆಲ್ಲ ಬಾರ್ನ್ ಮೇಲಿನದಲ್ಲ, ಬಹುಪಾಲು ರಾಮನ್ ಮೇಲಿನದು. ಸಂಸ್ಥೆಯ ದುಡ್ಡು ಇದ್ದಷ್ಟೇ. ಭೌತಶಾಸ್ತ್ರ ದಪ್ಪಗಾದರೆ ರಸಾಯನಶಾಸ್ತ್ರ ಸೊರಗಲೇಬೇಕು. ಅಲ್ಲಿಯವರೆಗೆ ಆ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ್ದೇ ದೊಡ್ಡಸ್ತಿಕೆ. ಹೊಸ ನಿರ್ದೇಶಕರು ಯಾರನ್ನೂ ಓಲೈಸದೆ, ಮೊದಲೇ ನಾಲ್ಕು ಜನರ ಕಿವಿಗೆ ಹಾಕದೆ, ನೇರ ಸಭೆಗೆ ವಿಷಯ ಎಳೆದು ತರುವವರು. ಹುದ್ದೆಯೊಂದು ಮಂಜೂರಾಗಬೇಕಾದರೆ ಸಭೆಗೆ ಮುಂಚೆ ಕಾಫಿ ಕುಡಿಸಬೇಕು ಎನ್ನುವುದು ನಮ್ಮ ಆಫೀಸಿನ ಅಟೆಂಡರಿಗೂ ಗೊತ್ತು. ರಾಮನ್‌ಗೆ ಗೊತ್ತಿರಲಿಲ್ಲವೆಂದಲ್ಲ, ಬೇಕಾಗಿರಲಿಲ್ಲ.

ಅದೇ 1936ರಲ್ಲಿ ಸ್ಕಾಟ್ಲೆಂಡಿನ ಸರ್ ಜೇಮ್ಸ್ ಇರ್ವಿನ್ ನೇತೃತ್ವದ ಪರಿಶೀಲನಾ ಸಮಿತಿ ಬಂತು. ಇರ್ವಿನ್ ರಸಾಯನಶಾಸ್ತ್ರಜ್ಞ, ಸಮಿತಿಯ ಸದಸ್ಯ ಶಾಂತಿಸ್ವರೂಪ್ ಭಟ್ನಾಗರ್ ಕೂಡ. ವರದಿ ಯಾವ ಕಡೆ ವಾಲಿತೆಂದು ಹೇಳಬೇಕಿಲ್ಲ. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಟ್ಟರು, ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲೇ ಮುಂದುವರಿದರು. ಬಾರ್ನ್ ಇಂಗ್ಲೆಂಡಿಗೆ ಮರಳಿದ ಮೇಲೆ ಭೌತವಿಜ್ಞಾನಿ ರುದರ್‌ಫರ್ಡ್ ಅವರಿಗೆ ಪತ್ರ ಬರೆದು ರಾಮನ್ ಪರ ವಾದಿಸಿದರು. ಮಾಸ್ಕೋದಲ್ಲಿ ಕೆಲಸಕ್ಕೆ ಸೇರುವ ಯೋಚನೆಯಲ್ಲೂ ಇದ್ದರು. ಅಷ್ಟರಲ್ಲಿ ಎಡಿನ್‌ಬರೋದಲ್ಲಿ ಟೇಟ್ ಪೀಠ ಖಾಲಿಯಾಗಿ, 1936ರ ಅಕ್ಟೋಬರ್‌ನಿಂದ ಅಲ್ಲಿ ನೆಲೆನಿಂತರು. ನೊಬೆಲ್ ಬಂದದ್ದು 1954ರಲ್ಲಿ. ಮುಂದೆ ಹರಳುಗಳಲ್ಲಿ ಪರಮಾಣುಗಳ ಕಂಪನ ಹೇಗೆ ಎಂಬ ಪ್ರಶ್ನೆಯ ಮೇಲೆ ಈ ಇಬ್ಬರೇ ವರ್ಷಗಟ್ಟಲೆ ಜಗಳವಾಡಿದರು. ಅದರಲ್ಲಿ ಸರಿಯಿದ್ದವರು ಬಾರ್ನ್. ರಾಮನ್ ಒಪ್ಪಲೇ ಇಲ್ಲ.

ಅತಿಥಿಯಾಗಿ ಬಂದವರಿಗೆ ಹುದ್ದೆ ದಕ್ಕಿದ್ದೇ ಇಲ್ಲವೆಂದಲ್ಲ. 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆ ಬಂದ ಹೋಮಿ ಭಾಭಾ ಯುದ್ಧ ಶುರುವಾಗಿ ಇಲ್ಲೇ ಸಿಕ್ಕಿಕೊಂಡರು. ರಾಮನ್ ವಿಭಾಗದಲ್ಲೇ ರೀಡರ್ ಆದರು. ಅವರ ಕಾಸ್ಮಿಕ್ ಕಿರಣ ಘಟಕಕ್ಕೆ ದೊರಾಬ್ಜಿ ಟಾಟಾ ಟ್ರಸ್ಟ್ ದುಡ್ಡು ಕೊಟ್ಟಿತು. ಹಣ ಹೊರಗಿನಿಂದ ಬಂದರೆ ಆಕ್ಷೇಪ ತಾನಾಗಿ ಕರಗುತ್ತದೆ. ಇವತ್ತಿನ ಪ್ರಾಜೆಕ್ಟ್ ನೇಮಕಾತಿಗಳೂ ನಡೆಯುವುದು ಇದೇ ದಾರಿಯಲ್ಲಿ. ಸಂಶೋಧನೆ ಮಾಡುವ ಹುಡುಗ ಹುಡುಗಿಯರ ಪಾಡು ಬೇರೆ. ಆಗ ಸಂಸ್ಥೆಗೆ ಪಿಎಚ್.ಡಿ. ಕೊಡುವ ಅಧಿಕಾರವಿಲ್ಲ, ಪ್ರಬಂಧ ಮದರಾಸು ವಿಶ್ವವಿದ್ಯಾಲಯಕ್ಕೆ ಹೋಗಬೇಕು. ರಾಮನ್ ಪ್ರಯೋಗಾಲಯದ ಅನ್ನಾ ಮಣಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ರಾತ್ರಿಯೆಲ್ಲ ಕೂತು ಕೆಲಸ ಮಾಡಿ, ಲೇಖನಗಳನ್ನು ಅಚ್ಚುಹಾಕಿಸಿ, 1945ರಲ್ಲಿ ಪ್ರಬಂಧ ಕೊಟ್ಟರೆ, ಎಂ.ಎಸ್ಸಿ. ಇಲ್ಲವೆಂದು ಮದರಾಸಿನವರು ಪದವಿ ಕೊಡಲಿಲ್ಲ. ದಾಖಲೆ ಲಗತ್ತಿಸಿಲ್ಲ, ಅರ್ಜಿ ವಾಪಸ್. ನಾನೂ ಇಂಥ ಷರಾ ಎಷ್ಟೋ ಬರೆದವನು, ನಿಯಮ ಹಾಗೇ ಇತ್ತು.

ಇನ್ನು ಬಾರ್ನ್ ಕುಟುಂಬದ ಬೆಂಗಳೂರು ನಂಟು. ಅವರ ಸೋದರಳಿಯ ಆಟೋ ಕೂನಿಗ್ಸ್‌ಬರ್ಗರ್, ವಾಸ್ತುಶಿಲ್ಪಿ, 1933ರಲ್ಲಿ ಜರ್ಮನಿ ಬಿಟ್ಟು ಈಜಿಪ್ಟಿನಲ್ಲಿದ್ದವರು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಅವರನ್ನು ತೆಗೆದುಕೊಂಡದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಸರ್ಕಾರ, ಪ್ರಾಧ್ಯಾಪಕರ ಸಭೆಯ ಒಪ್ಪಿಗೆ ಬೇಕಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕ್ಸ್ ವಿಭಾಗದ ಕಟ್ಟಡ, ಮೆಟಲರ್ಜಿ ವಿಭಾಗದ ಕಟ್ಟಡ, ಊಟದ ಹಾಲು ಮೂರರ ನಕ್ಷೆಯೂ ಅವರದೇ.