ಹೊಳೆಯ ದಡವೂ ಗಾಳದ ವಿದ್ಯೆಯೂ

ನಂಜನಗೂಡಿನ ಬಳಿ ಕಪಿಲೆಯನ್ನು ದಾಟುವ ಹಳೆಯ ಸೇತುವೆಯು ೧೭೩೫ರಲ್ಲಿ ಆದುದೆಂದೂ, ಅದನ್ನು ಕಟ್ಟಿಸಿದವನು ಸಮೀಪದ ಕಳಲೆಯ ಮನೆತನಕ್ಕೆ ಸೇರಿದ ದಳವಾಯಿ ದೇವರಾಜಯ್ಯನೆಂದೂ ನಮ್ಮ ಚರಿತ್ರೆಯನ್ನು ಓದಿದವರು ಬಲ್ಲರು. ಮುಂದೆ ರೈಲುದಾರಿಯೂ ಅದರ ಮೇಲೆಯೇ ಹಾದುಹೋಯಿತು. ಆದರೆ ಆ ಸೇತುವೆಯ ಕಂಬಗಳ ಹಿಂದೆ ಸೆಳವು ಎಲ್ಲಿ ಮಂದವಾಗುವುದು, ಅಲ್ಲಿ ಯಾವ ಮೀನು ಯಾವ ಹೊತ್ತಿನಲ್ಲಿ ಬಂದು ನಿಲ್ಲುವುದು ಎಂಬುದನ್ನು ಬಲ್ಲವರು ಬೇರೆ ಜನ. ಅವರು ದಡದಲ್ಲಿ ಗಾಳ ಹಿಡಿದು ಕುಳಿತವರು. ಅವರ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ. ಆದರೂ ಅವರ ವಿದ್ಯೆಗೆ ಒಂದು ಚರಿತ್ರೆಯಿದೆ. ಅದರ ಹಳೆಯ ಬರೆಹವು ಕನ್ನಡನಾಡಿನ ಅರಸನೊಬ್ಬನದೇ ಆಗಿದೆ.

ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದವನು. ಆತನ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಉಂಟು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಸಂಸ್ಕೃತ ಗ್ರಂಥವನ್ನು ನಮ್ಮ ಪಂಡಿತರು ಸಂಗೀತಕ್ಕಾಗಿ ಓದಿದರು, ಚಿತ್ರಕಲೆಗಾಗಿ ಓದಿದರು, ಅಡಿಗೆಗಾಗಿಯೂ ಓದಿದರು. ‘ಮತ್ಸ್ಯವಿನೋದ’ವೆಂಬ ಅಧ್ಯಾಯವನ್ನು ಮಾತ್ರ ಬಹುಕಾಲ ಯಾರೂ ಗಣನೆಗೆ ತಂದುಕೊಳ್ಳಲಿಲ್ಲ. ಮೀನು ಹಿಡಿಯುವುದು ಶಾಸ್ತ್ರದ ಮಾತಲ್ಲವೆಂದು ಓದುವವರಿಗೆ ತೋರಿರಬಹುದು. ಬರೆದ ಅರಸನಿಗೆ ಹಾಗೆ ತೋರಲಿಲ್ಲ. ಕೊನೆಗೆ ೧೯೫೧ರಲ್ಲಿ ಅದರ ಬೆಲೆಯನ್ನು ವಿದ್ವಲ್ಲೋಕಕ್ಕೆ ತಿಳಿಸಿದವರು ಸುಂದರಲಾಲ್ ಹೋರಾ ಎಂಬ ಮತ್ಸ್ಯಶಾಸ್ತ್ರಜ್ಞರು.

ಆ ಅಧ್ಯಾಯದ ಕ್ರಮವು ಗಮನಿಸತಕ್ಕದ್ದು. ಸಮುದ್ರದ ಮೀನು, ನದಿಯ ಮೀನು; ಹುರುಪೆಯುಳ್ಳವು, ಹುರುಪೆಯಿಲ್ಲದವು; ದೊಡ್ಡವು, ಸಣ್ಣವು ಎಂದು ವಿಂಗಡಿಸಿ, ಯಾವ ಜಾತಿಗೆ ಯಾವ ಆಹಾರ ಎಂಬುದನ್ನು ಅರಸನು ಹೇಳುತ್ತಾನೆ. ಮೀನುಗಳಿಗೆ ಅವುಗಳ ಮೆಚ್ಚಿನ ತಿನಿಸನ್ನು ಹಾಕಿ ಬೆಳೆಸಿ, ಬಳಿಕ ಗಾಳವಿಡುವುದು ಆತನ ಪದ್ಧತಿ. ಎಂದರೆ, ಮೀನಿರುವ ಸ್ಥಳವನ್ನು ಹುಡುಕುವುದು ಒಂದು ದಾರಿಯಾದರೆ, ಸ್ಥಳವೊಂದನ್ನು ಮೀನಿಗೆ ರೂಢಿ ಮಾಡಿಸುವುದು ಇನ್ನೊಂದು ದಾರಿ. ಇಷ್ಟೊಂದು ವಿವರವನ್ನು ಅರಸನೊಬ್ಬನು ಸಿಂಹಾಸನದಲ್ಲಿ ಕುಳಿತು ಕಂಡುಕೊಂಡನೆಂದು ನಾನು ನಂಬಲಾರೆ. ಬೆಸ್ತರಿಂದ ಕೇಳಿ ತಿಳಿದುದೇ ಶ್ಲೋಕವಾಗಿರಬೇಕೆಂದು ನನ್ನ ಊಹೆ.

ಇದೇ ಊಟ ಹಾಕುವ ಕ್ರಮವು, ಕೊಲ್ಲುವ ಉದ್ದೇಶವನ್ನು ಕಳೆದುಕೊಂಡು, ನಮ್ಮ ದೇವಸ್ಥಾನಗಳ ಘಟ್ಟಗಳಲ್ಲಿ ನಿಂತಿದೆ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಯಾತ್ರಿಕರು ಎಸೆಯುವ ಪುರಿಗೆ ಮೇಲೇಳುವ ಮೀನುಗಳನ್ನು ಕಂಡವರಿಗೆ ಸೋಮೇಶ್ವರನ ಮಾತು ಬೇಗ ಅರ್ಥವಾಗುತ್ತದೆ.

ಹುಡುಕುವ ದಾರಿಯ ಮಾತಿಗೆ ಬರೋಣ. ದೋಣಿಯವನು ನಡುಹೊಳೆಗೆ ಹೋಗಬಲ್ಲನು. ದಡದವನಿಗೆ ತನ್ನ ಗಾಳ ಬೀಳುವಷ್ಟು ನೀರೇ ಲೋಕ. ಆದುದರಿಂದ ಅವನು ನೀರನ್ನು ಓದಲು ಕಲಿಯಬೇಕಾಯಿತು. ಹೊಳೆ ತಿರುಗುವೆಡೆಯಲ್ಲಿ ಹೊರದಡವನ್ನು ನೀರು ಕೊರೆದು ಮಡುಮಾಡುತ್ತದೆ. ಒಳದಡದಲ್ಲಿ ಮರಳು ಕೂಡುತ್ತದೆ. ದೊಡ್ಡ ಮೀನು ಕೊರೆದ ದಡದ ಬುಡದಲ್ಲಿ ನೆರಳು ಹುಡುಕಿಕೊಂಡಿರುತ್ತದೆ. ಹರಿವು ಮಡುವಿಗೆ ಇಳಿಯುವ ಬಾಯಿಯಲ್ಲಿ ತೇಲಿಬರುವ ಆಹಾರವು ಹೆಚ್ಚು. ಬಂಡೆಯ ಹಿಂದಣ ಸುಳಿಯಲ್ಲಿ ಶ್ರಮವಿಲ್ಲದೆ ನಿಲ್ಲಲು ಎಡೆಯುಂಟು. ಅತ್ತಿ, ನೇರಳೆಗಳು ನೀರಿನ ಮೇಲೆ ಬಾಗಿದ್ದರೆ, ಹಣ್ಣು ಬೀಳುವ ಕಾಲದಲ್ಲಿ ಅದರ ಕೆಳಗೆ ಗಾಳವಿಟ್ಟವನಿಗೆ ಬೇರೆ ಪಂಚಾಂಗ ಬೇಡ. ಕೊರವನನ್ನು ಬಯಸುವವನು ಹರಿವನ್ನು ಬಿಟ್ಟು, ಕೆರೆಯ ಜೊಂಡಿನ ಅಂಚಿಗೆ ಹೋಗಬೇಕು. ಇನ್ನು ತನ್ನ ನೆರಳು ನೀರಿನ ಮೇಲೆ ಬೀಳದಂತೆ ಕುಳಿತುಕೊಳ್ಳುವುದು, ದಡದಲ್ಲಿ ಧಡಧಡನೆ ನಡೆಯದಿರುವುದು, ಇವು ಹುಡುಗರೂ ಬಲ್ಲ ಮಾತು.

ಎಲ್ಲಕ್ಕಿಂತ ಹೆಚ್ಚಿನದು ಸಂಗಮ. ನಂಜನಗೂಡಿನ ಬಳಿ ಗುಂಡ್ಲುಹೊಳೆ ಕಪಿಲೆಯನ್ನು ಸೇರುತ್ತದೆ. ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಸೇರುತ್ತದೆ. ನಮಗೆ ಪುಣ್ಯವು ಕೂಡುವಲ್ಲಿ ಮೀನಿಗೆ ಆಹಾರವು ಕೂಡುತ್ತದೆ. ಬಿಳಿಮೀನು, ಎಂದರೆ ಆಂಗ್ಲರು ಮಹಶೀರ್ ಎಂದು ಕೊಂಡಾಡಿದ ಮೀನು, ಮಳೆಗಾಲದ ಪ್ರವಾಹದಲ್ಲಿ ಮೊಟ್ಟೆಯಿಡಲು ಮೇಲಕ್ಕೆ ಏರಿ, ನೀರು ಇಳಿದಂತೆ ದೊಡ್ಡ ಹೊಳೆಯ ಮಡುಗಳಿಗೆ ಮರಳುತ್ತದೆ. ಆ ದಾರಿಯ ಬಾಗಿಲೇ ಸಂಗಮ.

ಈ ಮೀನಿನ ವಿದ್ಯೆಯನ್ನು ಇಂಗ್ಲಿಷಿನಲ್ಲಿ ಮೊದಲು ವಿಸ್ತಾರವಾಗಿ ಬರೆದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್. ಆತನ ‘ದಿ ರಾಡ್ ಇನ್ ಇಂಡಿಯಾ’ ೧೮೭೩ರಲ್ಲಿ ಅಚ್ಚಾದುದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಬೇಟೆಯ ಹುಚ್ಚು ಆತನಿಗೆ ಸಾಕಷ್ಟು ಇದ್ದಿತು. ಆದರೆ ಮರಿಮೀನುಗಳ ನಾಶವನ್ನು ಕಂಡು ಮರುಗಿದವನೂ ಆತನೇ. ಹೊಳೆಗೆ ವಿಷವಿಕ್ಕುವುದನ್ನೂ ಡೈನಮೈಟು ಸಿಡಿಸುವುದನ್ನೂ ನಿಷೇಧಿಸಿದ ಭಾರತದ ಮೀನುಗಾರಿಕೆಯ ಶಾಸನವು ೧೮೯೭ರಲ್ಲಿ ಬಂದಿತು. ಸಂಸ್ಥಾನವು ೧೯೦೧ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ರೆಗ್ಯುಲೇಷನ್ನನ್ನು ಮಾಡಿತು. ದೊರೆಗಳು ದುಬಾರಿ ಕೋಲುಗಳನ್ನು ತಂದರೂ ಗಾಳಕ್ಕೆ ಇಟ್ಟ ಎರೆ ಮಾತ್ರ ಅನೇಕ ವೇಳೆ ನಮ್ಮ ರಾಗಿಯ ಹಿಟ್ಟಿನ ಉಂಡೆಯೇ. ಅದನ್ನು ಬೇಯಿಸಿ ನಾದಿಕೊಟ್ಟವರೂ, ಮಡುವನ್ನು ತೋರಿಸಿದವರೂ ಹೊಳೆಯ ಪಕ್ಕದ ಊರಿನವರು.

೧೯೪೬ರ ಮಾರ್ಚ್ ೨೨ರಂದು ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಎಂಬವರು ಈ ಕಪಿಲೆಯಲ್ಲಿಯೇ ೧೨೦ ಪೌಂಡು ತೂಕದ ಬಿಳಿಮೀನನ್ನು ಹಿಡಿದರು. ಹುಲಿ ಚಿರತೆಗಳ ಚರ್ಮವನ್ನು ಹದಮಾಡಿ ಸಜೀವವೆಂಬಂತೆ ನಿಲ್ಲಿಸುತ್ತಿದ್ದ ಪ್ರಸಿದ್ಧ ಮನೆತನದವರು ಅವರು. ಗಾಳಕ್ಕೆ ಸಿಕ್ಕಿದ ಮಹಶೀರುಗಳಲ್ಲಿ ಅತ್ಯಂತ ಭಾರವಾದುದೆಂದು ಆ ಮೀನಿನ ಹೆಸರು ಇಂದಿಗೂ ದಾಖಲೆಯಲ್ಲಿದೆ. ಅದಕ್ಕೂ ಮೊದಲು, ೧೯೧೯ರಲ್ಲಿ, ರಿವೆಟ್ ಕಾರ್ನಾಕ್ ಎಂಬಾತನು ಕಾವೇರಿಯಲ್ಲಿ ಹಿಡಿದುದು ೧೧೯ ಪೌಂಡು.

ಆ ಬಳಿಕ ಹೊಳೆಯೇ ಬದಲಾಯಿತು. ೧೯೭೪ರಲ್ಲಿ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಕಬಿನಿಗೆ ಅಣೆಕಟ್ಟಾಯಿತು. ಗದ್ದೆಗಳಿಗೆ ನೀರು ಬಂದಿತು; ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಮಳೆಯನ್ನು ನೋಡಿ ಏರುತ್ತಿದ್ದ ಮೀನು ಇನ್ನು ಮುಂದೆ ತೂಬನ್ನು ನೋಡಿ ಏರಬೇಕಾಯಿತು, ಕಟ್ಟೆಯನ್ನು ಮಾತ್ರ ಏರಲಾರದು. ಇದಕ್ಕಿಂತ ವಿಚಿತ್ರವಾದುದು ಇನ್ನೊಂದು. ಮಹಶೀರುಗಳು ಕಡಮೆಯಾದುವೆಂದು ಸದುದ್ದೇಶದಿಂದಲೇ ಲೋಣಾವಳದಲ್ಲಿ ಬೆಳೆಸಿದ, ನೀಲಿ ರೆಕ್ಕೆಯ ಬೇರೊಂದು ಜಾತಿಯ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಮೀನು ಹೆಚ್ಚಿದುದೇನೋ ನಿಜ. ಹೆಚ್ಚಿದುದು ಹೊರಗಿನ ಮೀನು.

ಇದು ತಿಳಿದುಬಂದ ಬಗೆಯು ಚರಿತ್ರೆಯ ವಿದ್ಯಾರ್ಥಿಗೆ ಪ್ರಿಯವಾದುದು. ಕಾವೇರಿಯ ಗಾಲಿಬೊರೆಯಲ್ಲಿ ಗಾಳ ಹಾಕಿದವರು ೧೯೯೮ರಿಂದ ೨೦೧೨ರವರೆಗೆ ತಾವು ಹಿಡಿದು ಮತ್ತೆ ನೀರಿಗೆ ಬಿಟ್ಟ ಮೀನುಗಳ ಲೆಕ್ಕವನ್ನು ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ತೆರೆದು ನೋಡಿದಾಗ ನೀಲಿ ರೆಕ್ಕೆಯವು ಏರುತ್ತ ಹೋದುದೂ, ಕಾವೇರಿಗೇ ಸೇರಿದ ಗೂನುಬೆನ್ನಿನ ದೊಡ್ಡ ಜಾತಿಯು ಕುಸಿಯುತ್ತ ಹೋದುದೂ ಕಾಣಿಸಿತು. ನೂರು ವರ್ಷ ಪ್ರಪಂಚವೆಲ್ಲ ಹೊಗಳಿದ ಆ ಮೀನಿಗೆ ಅಂದಿನವರೆಗೂ ಖಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ. ೨೦೧೮ರಲ್ಲಿ ಅದು ಟಾರ್ ರೆಮಾದೇವಿಯೇ ಎಂದು ನಿರ್ಣಯವಾಯಿತು. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರು ಬರೆಯಲ್ಪಟ್ಟಿತು. ನಿರ್ಣಯಕ್ಕೆ ಬೇಕಾಗಿದ್ದ ಮೀನುಗಳು ದೊರೆತುದು ಕಪಿಲೆಯಲ್ಲಲ್ಲ, ನೀಲಗಿರಿಯ ಬುಡದ ಮೋಯಾರು ಹೊಳೆಯಲ್ಲಿ.