‘ಸರ್ವರ್ ಡೌನ್’ ಎಂಬ ಉತ್ತರದ ಒಳಗೆ: ಭೂದಾಖಲೆ ಮತ್ತು ಚಾಲ್ತಿ ಕ್ವೆರಿಗಳ ನಿಗಾ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಉತಾರ (ಪಹಣಿ) ತೆಗೆಸಲು ಹೋದವರಿಗೆ ‘ಸರ್ವರ್ ಡೌನ್ ಐತ್ರಿ’ ಎಂಬ ಮಾತು ಹೊಸದಲ್ಲ. ಆ ಒಂದು ಮಾತಿನಲ್ಲಿ ಮೂರು ಸ್ಥಿತಿಗಳು ಅಡಗಿರುತ್ತವೆ. ಸಂಪರ್ಕವೇ ಕಡಿದಿರಬಹುದು, ಡೇಟಾಬೇಸಿಗೆ ಹೋದ ಕ್ವೆರಿ ನಿಜವಾಗಿಯೂ ದುಡಿಯುತ್ತಿರಬಹುದು, ಇಲ್ಲವೇ ಬೇರೊಬ್ಬರು ಹಾಕಿದ ಲಾಕ್ ತೆರೆಯಲೆಂದು ಸುಮ್ಮನೆ ನಿಂತಿರಬಹುದು. ನಿಗಾ ಸಾಧನಗಳ ಬಗೆಗಿನ ಬರಹಗಳು ಬಹುಮಟ್ಟಿಗೆ ಎರಡನೆಯದರ ಸುತ್ತಲೇ ತಿರುಗುತ್ತವೆ. ಭೂದಾಖಲೆಯ ಕೆಲಸದಲ್ಲಿ ಕ್ವೆರಿ ಎಷ್ಟು ಹೊತ್ತು ಹಿಡಿಯಿತು ಎಂಬುದಕ್ಕಿಂತ, ಅದು ಯಾರಿಗಾಗಿ ಕಾಯುತ್ತಿದೆ ಮತ್ತು ಅದನ್ನು ಕೇಳಿದವರು ಯಾರು ಎಂಬುದೇ ಮುಖ್ಯ ಎನ್ನುವುದು ನನ್ನ ವಾದ.

2000ರ ಸುಮಾರಿಗೆ ಶುರುವಾದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಬಂದವು. ಆಗ ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಸಿಗುತ್ತಿತ್ತು. ಗಣಕವೂ ಅಲ್ಲೇ ಇದ್ದುದರಿಂದ ಸವದತ್ತಿಯ ತೊಂದರೆ ಸವದತ್ತಿಗಷ್ಟೇ ಸೀಮಿತವಾಗಿರುತ್ತಿತ್ತು. ದಾಖಲೆ ಕೇಂದ್ರೀಕೃತವಾದ ಮೇಲೆ ಎಲ್ಲ ತಾಲ್ಲೂಕುಗಳಿಗೂ ಸರದಿ ಒಂದೇ.

ಲಾಕ್‌ನ ಸಂಗತಿಯನ್ನು ಹತ್ತಿರದಿಂದ ನೋಡಬೇಕು. ಒಂದು ಸರ್ವೆ ನಂಬರಿನ ಫೇರಫಾರ್ (ಹಕ್ಕು ಬದಲಾವಣೆ) ನಡೆದಿದೆ ಎನ್ನೋಣ. ತಂತ್ರಾಂಶ ವ್ಯವಹಾರವನ್ನು (ಟ್ರಾನ್ಸಾಕ್ಷನ್) ತೆರೆದು ಸಾಲನ್ನು ತಿದ್ದಿದೆ. ಆದರೆ ಅಂತಿಮಗೊಳಿಸುವ ಮೊದಲು ಸಿಬ್ಬಂದಿಯ ಹೆಬ್ಬೆಟ್ಟಿಗಾಗಿ ಪರದೆ ಕಾದು ನಿಂತಿದೆ. ಅಷ್ಟರಲ್ಲಿ ಅದೇ ಉತಾರವನ್ನು ಇನ್ನೊಂದು ಕೌಂಟರಿನವರು ಕೇಳುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಓದುವವರಿಗೆ ಹಳೆಯ ಪ್ರತಿ ಸಿಗುತ್ತದೆ, ಕೆಲಸ ನಿಲ್ಲುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಮೂಲ ಹೊಂದಿಕೆಯಲ್ಲಾದರೆ ಓದುವವರೂ ತಿದ್ದುವವರ ಹಿಂದೆ ಸಾಲುಗಟ್ಟುತ್ತಾರೆ. ಇಲ್ಲಿ ತಡೆ ಒಡ್ಡಿರುವ ಸೆಷನ್ ಯಾವ ಕ್ವೆರಿಯನ್ನೂ ನಡೆಸುತ್ತಿಲ್ಲ, ಸುಮ್ಮನಿದೆ. ಆದ್ದರಿಂದ ನಿಧಾನ ಕ್ವೆರಿಗಳ ಲಾಗ್‌ನಲ್ಲಿ ಸಿಗುವುದು ಕಾದವರ ಹೆಸರೇ ಹೊರತು ಕಾಯಿಸಿದವರದಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ತಡೆಯುತ್ತಿರುವ ಸೆಷನ್ನಿನ ಸಂಖ್ಯೆ ‘ಡಿಎಂ_ಎಕ್ಸೆಕ್_ರಿಕ್ವೆಸ್ಟ್ಸ್’ ನೋಟದಲ್ಲೇ ಇರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಇಬ್ಬರು ಒಂದೇ ಸಾಲನ್ನು ತಿದ್ದಹೊರಟಾಗ ಇದೇ ತೊಡಕು ಬರುತ್ತದೆ; ಆಗ 9.6ನೇ ಆವೃತ್ತಿಯಲ್ಲಿ ಬಂದ ‘ಪಿಜಿ_ಬ್ಲಾಕಿಂಗ್_ಪಿಡ್ಸ್’ ತಡೆದವರನ್ನು ತೋರಿಸುತ್ತದೆ. ಸಾಧನ ಇಷ್ಟು ಹೇಳಿದ ಮೇಲೆ ಇಂಡೆಕ್ಸ್ ಹುಡುಕುತ್ತ ಕೂರುವುದು ವ್ಯರ್ಥ. ಹೆಬ್ಬೆಟ್ಟು ಪಡೆದ ನಂತರವೇ ವ್ಯವಹಾರ ತೆರೆಯುವಂತೆ ತಂತ್ರಾಂಶವನ್ನು ತಿದ್ದಬೇಕು.

ಹೆಸರಿನ ಮೇಲೆ ಹುಡುಕುವಾಗ ಎದುರಾಗುವ ತೊಡಕು ಬೇರೆ ಬಗೆಯದು. ಸವದತ್ತಿ ಯಲ್ಲಮ್ಮನ ಸೀಮೆಯಲ್ಲಿ ಯಲ್ಲಪ್ಪ, ಯಲ್ಲವ್ವ, ಬಸಪ್ಪ ಎಂಬ ಹೆಸರುಗಳಿಗೆ ಬರವಿಲ್ಲ. ಅಪರೂಪದ ಹೆಸರೊಂದಕ್ಕಾಗಿ ರೂಪಿಸಿದ ಹುಡುಕಾಟದ ಯೋಜನೆಯನ್ನು (ಕ್ವೆರಿ ಪ್ಲಾನ್) ಡೇಟಾಬೇಸ್ ನೆನಪಿಟ್ಟುಕೊಂಡು ‘ಯಲ್ಲಪ್ಪ’ನಿಗೂ ಅನ್ವಯಿಸಿದರೆ, ನಾಲ್ಕು ಸಾಲಿಗೆಂದು ಹೆಣೆದ ದಾರಿಯಲ್ಲಿ ಸಾವಿರಾರು ಸಾಲು ನುಗ್ಗುತ್ತವೆ. ಅಂದಾಜು ತಪ್ಪಲು ತಾಲ್ಲೂಕು ವಿಭಜನೆಯೂ ಕಾರಣವಾಗಬಹುದು: ಬೈಲಹೊಂಗಲದಿಂದ ಬೇರ್ಪಟ್ಟು ಕಿತ್ತೂರು ತಾಲ್ಲೂಕಾಯಿತು. ಇಂಥ ವಿಭಜನೆಯಲ್ಲಿ ಹಳ್ಳಿಗಳ ಸಂಕೇತ ಬದಲಾದರೆ, ಅಂಕಿಅಂಶ ನವೀಕರಣ ಆಗುವವರೆಗೆ ಡೇಟಾಬೇಸಿನ ಅಂದಾಜಿನಲ್ಲಿ ಹೊಸ ತಾಲ್ಲೂಕು ಹೆಚ್ಚುಕಡಿಮೆ ಖಾಲಿ! ಎಸ್‌ಕ್ಯೂಎಲ್ ಸರ್ವರ್ 2016ರ ‘ಕ್ವೆರಿ ಸ್ಟೋರ್’ ಯೋಜನೆ ಬದಲಾದ ಗಳಿಗೆಯನ್ನು ದಾಖಲಿಸುತ್ತದೆ. ‘ಎಕ್ಸ್‌ಪ್ಲೇನ್ ಅನಲೈಸ್’ ಪೋಸ್ಟ್‌ಗ್ರೆಸ್‌ನಲ್ಲಿ ಬಳಸುವವರಿಗೆ ಒಂದು ಎಚ್ಚರಿಕೆ: ಅದು ಕ್ವೆರಿಯನ್ನು ನಿಜಕ್ಕೂ ನಡೆಸುತ್ತದೆ. ಚಾಲ್ತಿ ದಾಖಲೆಯ ಮೇಲೆ ತಿದ್ದುಪಡಿ ಆದೇಶಕ್ಕೆ ಅದನ್ನು ಹಚ್ಚಿದರೆ ಉತಾರವೇ ತಿದ್ದುಪಡಿಯಾಗುತ್ತದೆ.

ನಿಧಾನವನ್ನಷ್ಟೇ ಹುಡುಕುವ ಪದ್ಧತಿಯ ಮಿತಿ ನೋಂದಣಿ ಇಲಾಖೆಯ ‘ಕಾವೇರಿ 2.0’ ಪ್ರಕರಣದಲ್ಲಿ ಬಯಲಾಯಿತು. 2025ರ ಜನವರಿಯಲ್ಲಿ ಋಣಭಾರ ಪತ್ರದ ಹುಡುಕಾಟಗಳು ವಾಡಿಕೆಯ ಎಂಟು ಪಟ್ಟಿಗೇರಿ, ಎರಡು ಗಂಟೆಗಳಲ್ಲಿ 6.2 ಲಕ್ಷ ಕೋರಿಕೆಗಳು ಬಂದವು. 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು ಈ ದಾಳಿಯ ಹಿಂದಿದ್ದವೆಂದು ವರದಿಯಾಯಿತು. ಇಂಥ ದಾಳಿಯ ಒಂದೊಂದು ಹುಡುಕಾಟವನ್ನೂ ಬಿಡಿಯಾಗಿ ನೋಡಿದರೆ ಯಾವ ದೋಷವೂ ಕಾಣದು. ಮೈಎಸ್‌ಕ್ಯೂಎಲ್‌ನ ನಿಧಾನ ಲಾಗ್ ಚಾಲೂ ಇದ್ದರೂ ಅದು ಮೂಲ ಮಿತಿಯಂತೆ ಹಿಡಿಯುವುದು 10 ಸೆಕೆಂಡು ಮೀರಿದವನ್ನು ಮಾತ್ರ. ಸಣ್ಣ ಕ್ವೆರಿಗಳು ಲಕ್ಷಗಟ್ಟಲೆ ಬಂದಾಗ ಪೋಸ್ಟ್‌ಗ್ರೆಸ್‌ನ ‘ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್’ ಉಪಯೋಗಕ್ಕೆ ಬರುತ್ತದೆ: ಮೌಲ್ಯಗಳನ್ನು ತೆಗೆದು, ಒಂದೇ ಅಚ್ಚಿನ ಕ್ವೆರಿಗಳನ್ನು ಒಟ್ಟುಗೂಡಿಸಿ ಎಷ್ಟು ಬಾರಿ ಓಡಿದವೆಂದು ಎಣಿಸುತ್ತದೆ. ರೈತನ ಹೆಸರೂ ಸರ್ವೆ ನಂಬರೂ ನಿಗಾ ಪಟ್ಟಿಗೆ ಸೋರುವುದು ಇದರಿಂದ ಬಹುಪಾಲು ತಪ್ಪುತ್ತದೆ. ಇದನ್ನು ನಾನು ಸಣ್ಣ ಲಾಭವೆಂದು ಎಣಿಸುವುದಿಲ್ಲ.

ಆದರೂ ಕೇಳಿದವರು ಯಾರೆಂಬುದು ಅಲ್ಲಿ ಗೊತ್ತಾಗುವುದಿಲ್ಲ. ಜಾಲತಾಣದ ತಂತ್ರಾಂಶ ಸಾಮಾನ್ಯವಾಗಿ ಒಂದೇ ಹೆಸರಿನಿಂದ ಡೇಟಾಬೇಸ್ ಪ್ರವೇಶಿಸುತ್ತದೆ. ನಡುವೆ ಸಂಪರ್ಕಗಳನ್ನು ಹಂಚುವ ಪೂಲರ್ ಇದ್ದರೆ ರಾಮದುರ್ಗದ ಕೌಂಟರಿಗೂ ಬೆಂಗಳೂರಿನ ಮೊಬೈಲಿಗೂ ವಿಳಾಸ ಒಂದೇ. ಪ್ರತಿ ವ್ಯವಹಾರದ ಆರಂಭದಲ್ಲಿ, ಆ ವ್ಯವಹಾರದ ಮಟ್ಟಿಗೆ, ‘ಅಪ್ಲಿಕೇಶನ್_ನೇಮ್’ ಜಾಗದಲ್ಲಿ ತಾಲ್ಲೂಕು ಮತ್ತು ಕೌಂಟರಿನ ಸಂಕೇತ ತುಂಬಿದರೆ ‘ಪಿಜಿ_ಸ್ಟ್ಯಾಟ್_ಆಕ್ಟಿವಿಟಿ’ಯಲ್ಲಿ ಅದು ನೇರವಾಗಿ ಕಾಣುತ್ತದೆ. ಜಾಗ 63 ಬೈಟ್ ಮಾತ್ರ. ಅಲ್ಲಿ ಕನ್ನಡದಲ್ಲಿ ‘ಕಿತ್ತೂರು’ ಎಂದು ಬರೆದರೆ ಪೋಸ್ಟ್‌ಗ್ರೆಸ್ 15ರವರೆಗೂ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿದ್ದವು, ಆಮೇಲೂ ಕನ್ನಡ ಅಕ್ಷರ ಹಾಗೆಯೇ ಕಾಣುವುದಿಲ್ಲ, ಹಾಗಾಗಿ ಸದ್ಯಕ್ಕೆ ಅಂಕಿಯ ಸಂಕೇತವೇ ವಾಸಿ.