ಬಾಲ ಹಾಗೂ ಕಿಶೋರ ಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯ್ದೆ, 1986: ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳ ಸಾರ್ವಜನಿಕರಿಗೆ ಮಾಹಿತಿ

ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಹಾಗೂ ಸುತ್ತಮುತ್ತಲ ಪ್ರದೇಶಗಳಿಗೆ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಅನೇಕ ಕುಟುಂಬಗಳು ಕೆಲಸ ಅರಸಿ ಬರುತ್ತವೆ. ಈ ಕುಟುಂಬಗಳ ಮಕ್ಕಳಿಗೆ ಸಂಬಂಧಿಸಿದ ಕಾನೂನಿನ ಅಂಶಗಳನ್ನು ಪೋಷಕರು, ಮಾಲೀಕರು ಮತ್ತು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಯಾರಿಗೆ ನಿಷೇಧ?

ಗೃಹಕೃತ್ಯ, ಹೋಟೆಲು ಮತ್ತು ಢಾಬಾಗಳಲ್ಲಿ ಮಕ್ಕಳ ದುಡಿಮೆಯನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿತ್ತು. 2016ರ ತಿದ್ದುಪಡಿಯ ಅನ್ವಯ 14 ವರ್ಷದೊಳಗಿನ ಮಗುವನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸತಕ್ಕದ್ದಲ್ಲ. 14ರಿಂದ 18 ವರ್ಷದೊಳಗಿನ ಕಿಶೋರರನ್ನು ಗಣಿ, ಸ್ಫೋಟಕ ಹಾಗೂ ದಹನಶೀಲ ವಸ್ತುಗಳ ಕೆಲಸ ಮತ್ತು ಅಪಾಯಕಾರಿ ಪ್ರಕ್ರಿಯೆಗಳಲ್ಲಿ ತೊಡಗಿಸುವಂತಿಲ್ಲ. ಲೋಹದ ಎರಕದ ಕಾರ್ಖಾನೆಯ ಕೆಲಸವೂ ಅಪಾಯಕಾರಿ ಪ್ರಕ್ರಿಯೆಯೇ ಆಗಿರುತ್ತದೆ.

ಉಲ್ಲಂಘಿಸಿದ ಮಾಲೀಕರಿಗೆ 6 ತಿಂಗಳಿನಿಂದ 2 ವರ್ಷದವರೆಗೆ ಕಾರಾಗೃಹವಾಸ, ಅಥವಾ ರೂ. 20,000ದಿಂದ ರೂ. 50,000ದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಇದು ಸಂಜ್ಞೇಯ ಅಪರಾಧವಾಗಿದ್ದು, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು.

ಮನೆಯಲ್ಲಿ ಮಾಡುವ ಕೆಲಸ

ಹೆಚ್ಚಿನ ತಪ್ಪು ತಿಳುವಳಿಕೆ ಇರುವುದು ಇಲ್ಲಿಯೇ. ಶಾಲೆಯ ಸಮಯದ ನಂತರ ಅಥವಾ ರಜಾದಿನಗಳಲ್ಲಿ ಮಗುವು ಕುಟುಂಬಕ್ಕೆ ನೆರವಾಗಲು ಕಾಯ್ದೆಯಲ್ಲಿ ಅವಕಾಶವಿದೆ. ಇದನ್ನೇ ಆಧಾರವಾಗಿಟ್ಟುಕೊಂಡು, ಗುತ್ತಿಗೆದಾರರು ಕೊಡುವ ಬಿಡಿಭಾಗಗಳನ್ನು ಬಾಡಿಗೆ ಮನೆಯಲ್ಲಿ ಮಕ್ಕಳ ಕೈಯಿಂದ ಜೋಡಿಸಿಕೊಡುವುದು ಕುಟುಂಬದ ಕೆಲಸವೆಂದು ಹೇಳಲಾಗುತ್ತದೆ. ಅದು ಸರಿಯಲ್ಲ. 2017ರ ತಿದ್ದುಪಡಿ ನಿಯಮಗಳ ಪ್ರಕಾರ, ಮಗುವಿಗಾಗಲಿ ಕುಟುಂಬಕ್ಕಾಗಲಿ ಸಂಪಾದನೆ ತರುವ ಯಾವುದೇ ಹಂತದ ಉತ್ಪಾದನೆ, ಸರಬರಾಜು ಅಥವಾ ಮಾರಾಟದ ಸರಪಳಿಯ ಕೆಲಸ ಈ ವಿನಾಯಿತಿಗೆ ಒಳಪಡುವುದಿಲ್ಲ. ನಿಜವಾದ ನೆರವಿಗೂ ಮಿತಿಯಿದೆ: ಶಾಲಾ ವೇಳೆಯಲ್ಲಿ ಹಾಗೂ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸಬಾರದು, ದಿನಕ್ಕೆ 3 ಗಂಟೆ ಮೀರಬಾರದು. ಮಗುವು ಸೂಚನೆಯಿಲ್ಲದೆ ಸತತ 30 ದಿನ ಶಾಲೆಗೆ ಗೈರಾದಲ್ಲಿ ಮುಖ್ಯೋಪಾಧ್ಯಾಯರು ನೋಡಲ್ ಅಧಿಕಾರಿಗೆ ತಿಳಿಸತಕ್ಕದ್ದು.

ಪ್ರಕರಣ ದಾಖಲಾದರೆ ತಮಗೇ ಶಿಕ್ಷೆಯಾದೀತೆಂಬ ಭಯದಿಂದ ಪೋಷಕರು ಮೌನ ವಹಿಸುವುದುಂಟು. ಮೊದಲ ಬಾರಿಗೆ ತಂದೆತಾಯಿಗೆ ಶಿಕ್ಷೆ ಇರುವುದಿಲ್ಲ, ಪುನರಾವರ್ತನೆಯಾದಲ್ಲಿ ರೂ. 10,000ದವರೆಗೆ ದಂಡ ವಿಧಿಸಬಹುದು.

ಮನೆಗೆಲಸಕ್ಕಿರುವ ಹದಿಹರೆಯದವರು

ಅಪಾರ್ಟ್‌ಮೆಂಟುಗಳಲ್ಲಿ 15-16 ವರ್ಷದ ಹುಡುಗಿಯರನ್ನು ಮನೆಯಲ್ಲಿಯೇ ಇರಿಸಿಕೊಂಡು, ಸಂಬಳವನ್ನು ಊರಿಗೆ ಕಳುಹಿಸುತ್ತೇವೆಂದು ಹೇಳಿ ತಡೆಹಿಡಿಯುವ ಸಂದರ್ಭಗಳಿಗೆ ಬಾಲನ್ಯಾಯ ಕಾಯ್ದೆ, 2015ರ ಕಲಂ 79 ಅನ್ವಯಿಸುತ್ತದೆ. 18 ವರ್ಷದೊಳಗಿನವರನ್ನು ಕೆಲಸಕ್ಕಾಗಿ ಬಂಧನದಲ್ಲಿಡುವುದು ಅಥವಾ ಅವರ ಗಳಿಕೆಯನ್ನು ತಡೆಹಿಡಿಯುವುದು 5 ವರ್ಷಗಳವರೆಗಿನ ಕಠಿಣ ಕಾರಾಗೃಹವಾಸ ಮತ್ತು ರೂ. 1 ಲಕ್ಷ ದಂಡಕ್ಕೆ ಗುರಿಯಾಗುವ ಅಪರಾಧವಾಗಿದೆ.

ದೂರು ಮತ್ತು ನಂತರದ ಕ್ರಮ

ಯಾವ ವ್ಯಕ್ತಿಯಾದರೂ ದೂರು ನೀಡಬಹುದು. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕಾರ್ಮಿಕ ನಿರೀಕ್ಷಕರ ಕಚೇರಿಗೆ ಅಥವಾ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಲಿಖಿತವಾಗಿಯೂ ಸಲ್ಲಿಸಬಹುದು. ಸ್ಥಳದ ಗುರುತು, ಶೆಡ್ ಅಥವಾ ಮನೆಯ ಸಂಖ್ಯೆ ಮತ್ತು ಮಗು ಕಂಡ ವೇಳೆಯನ್ನು ತಿಳಿಸಿದಲ್ಲಿ ತಪಾಸಣೆಗೆ ಅನುಕೂಲ. ವಯಸ್ಸನ್ನು ದೂರುದಾರರು ಸಾಬೀತುಪಡಿಸಬೇಕಾಗಿಲ್ಲ.

ರಕ್ಷಿಸಿದ ಮಗುವನ್ನು ಪ್ರಯಾಣದ ಅವಧಿ ಹೊರತುಪಡಿಸಿ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲಾಗುವುದು. ಮಾಲೀಕರ ದಂಡದ ಮೊತ್ತದೊಂದಿಗೆ ಸರ್ಕಾರವು ಪ್ರತಿ ಮಗುವಿಗೆ ರೂ. 15,000ವನ್ನು ಪುನರ್ವಸತಿ ನಿಧಿಗೆ ಜಮಾ ಮಾಡುತ್ತದೆ. ಬಡ್ಡಿಯು ಮಗುವಿನ ಖಾತೆಗೇ ಸಂದಾಯವಾಗುವುದರಿಂದ, ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವುದನ್ನು ಪೋಷಕರು ಮುಂದೂಡಬಾರದು.

ಶಾಲಾ ಪ್ರವೇಶ

ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯು 2021ರಲ್ಲಿ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಲೀನವಾಗಿರುವುದರಿಂದ ಮಗುವನ್ನು ನೇರವಾಗಿ ಸಾಮಾನ್ಯ ಶಾಲೆಗೇ ಸೇರಿಸಬೇಕು. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನ್ವಯ 6ರಿಂದ 14 ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಹಾಗೂ ವಿಶೇಷ ತರಬೇತಿ ಪಡೆಯುವ ಹಕ್ಕಿದೆ. ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ಊರಿನ ಶಾಲೆಯ ವರ್ಗಾವಣೆ ಪತ್ರ ತಡವಾಗಿದೆಯೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ನಿರಾಕರಿಸಿದಲ್ಲಿ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.